ಬೆಂಕಿಯ ಜಾಗದಲ್ಲಿ ನೀರಿನ ಗಡಿಗೆ

ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಸೇಡಂಗೆ ಬಂದ ಮೊಮ್ಮಗಳು ಹೆಗಲ ಚೀಲ ಇಳಿಸುವ ಮೊದಲೇ ನನ್ನ ಮುಂದೆ ಒಂದು ಚಿತ್ರ ಹಿಡಿದಳು. ಯಾವುದೋ ಚಳಿ ದೇಶದ ಮನೆ. ಗೋಡೆಯ ನಡುವೆ ಬೂದು ಬಣ್ಣದ ಕಾಂಕ್ರೀಟಿನ ಅಗ್ಗಿಷ್ಟಿಕೆ, ಅದರೊಳಗೆ ಉರಿಯುವ ಬೆಂಕಿ. ಎಡಕ್ಕೂ ಬಲಕ್ಕೂ ಸೂರು ಮುಟ್ಟುವಷ್ಟು ಪುಸ್ತಕ. ಕುರ್ಚಿಯಲ್ಲಿ ಒಬ್ಬ ಅಜ್ಜ, ನೆಲದ ಮೇಲೆ ಮಕ್ಕಳು.

“ಮುತ್ಯಾ, ನಮ್ಮ ಹೊಸ ಪಡಸಾಲಿ ಹಿಂಗೇ ಆಗ್ಬೇಕು.”

ಅಡುಗೆಮನೆಯಿಂದ ನನ್ನ ಮನೆಯಾಕೆ ಇಣುಕಿದಳು. “ಅಂಗಳದಾಗ ರೊಟ್ಟಿ ಇಟ್ರ ತಾನೇ ಸುಡ್ತದ. ಮನಿಯೊಳಗ ಮತ್ತ ಬೆಂಕಿ ಯಾಕವ್ವಾ?”

ಎಲ್ಲರೂ ನಕ್ಕೆವು. ಮೇ ತಿಂಗಳಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ಆದರೆ ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ ಅವಳು ಮೆಲ್ಲಗೆ ಅಂದಳು: “ಆ ಚಿತ್ರದಾಗ ಎಲ್ಲಾರೂ ಒಂದೇ ಕಡಿ ಕೂತಾರ, ಮುತ್ಯಾ. ನಮ್ಮ ಮನ್ಯಾಗ ಪಪ್ಪ ಒಂದು ರೂಮು, ಮಮ್ಮಿ ಒಂದು ರೂಮು, ನಾ ಒಂದು ರೂಮು.”

ನಕ್ಕದ್ದಕ್ಕೆ ನನಗೇ ಕೆಡುಕೆನಿಸಿತು.

ಹಿಂದಿನ ವರ್ಷದ ಮಳೆಗೆ ನಮ್ಮ ಪಡಸಾಲೆಯ ಗೋಡೆ ಬಿರುಕು ಬಿಟ್ಟಿತ್ತು. ಅದನ್ನು ಇಳಿಸಿ ಹೊಸದಾಗಿ ಕಟ್ಟಿಸಲು ಮಗ ಒಂದು ತಿಂಗಳು ಊರಿಂದಲೇ ಕೆಲಸ ಮಾಡುತ್ತೇನೆಂದು ಬಂದಿದ್ದ. ಅವನ ಲೆಕ್ಕದಲ್ಲಿ ಗೋಡೆ ತುಂಬ ಟಿ.ವಿ., ಸುತ್ತ ಪ್ಲೈವುಡ್ಡು. ನನ್ನ ಪುಸ್ತಕಗಳು ಆಗಲೇ ರಟ್ಟಿನ ಡಬ್ಬಿ ಸೇರಿದ್ದವು. “ಅಪ್ಪಾ, ಈಗ ಯಾರು ಓದ್ತಾರ?” ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಆ ಗೋಡೆಯಲ್ಲಿ ಒಂದು ಗೂಡು ಇತ್ತು. ಗೂಡಿನಲ್ಲಿ ಅಡ್ಡಲಾಗಿ ಕೂರಿಸಿದ ಒಂದು ಪರಸಿ. ನಮ್ಮಪ್ಪ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಕೂಲಿಗಿದ್ದರು. ಅಕ್ಷರ ಬರುತ್ತಿರಲಿಲ್ಲ. ನಾನು ನಾಲ್ಕನೇ ಕ್ಲಾಸು ಪಾಸಾದ ವರ್ಷ ಅಲ್ಲಿಂದ ಆ ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ, ಸೇಡಂ ಸ್ಟೇಷನ್ನಿನಿಂದ ತಲೆಯ ಮೇಲೆ ಹೊತ್ತು ತಂದಿದ್ದರು. “ಪುಸ್ತಕ ನೆಲಕ್ಕ ಇಡಬ್ಯಾಡ, ಕಾಲು ತಾಕ್ತದ” ಎಂದಷ್ಟೇ ಹೇಳಿದರು. ಆಗ ನನ್ನ ಬಳಿ ಇದ್ದದ್ದು ಮೂರು ಪುಸ್ತಕ.

ಮುಂದೆ ನಾನು ಮಾಸ್ತರನಾಗಿ ಚಿಂಚೋಳಿ, ಚಿತ್ತಾಪುರ, ವಾಡಿ ಎಂದು ಊರೂರು ತಿರುಗಿದೆ. ಬಾಡಿಗೆ ಮನೆಯೊಂದರಲ್ಲಿ ಕಟ್ಟಿಗೆಯ ಕಪಾಟಿಗೆ ಗೆದ್ದಲು ಹತ್ತಿ, ಒಂದೇ ಮಳೆಗಾಲದಲ್ಲಿ ನಲವತ್ತು ಪುಸ್ತಕ ಮಣ್ಣಾದವು. ಅಪ್ಪನ ಪರಸಿಯ ಮೇಲಿದ್ದ ಪುಸ್ತಕಗಳು ಮಾತ್ರ ಹಾಗೇ ಉಳಿದವು. ಕಲ್ಲನ್ನು ಗೆದ್ದಲು ತಿನ್ನುವುದಿಲ್ಲವಲ್ಲ.

ಮೊಮ್ಮಗಳಿಗೆ ಆ ಕಲ್ಲಿನ ಕಥೆ ಹೇಳಿದೆ. ಕೋಟ್ಯಂತರ ವರ್ಷಗಳ ಹಿಂದೆ ಈ ಸೀಮೆ ಸಮುದ್ರದ ತಳವಾಗಿತ್ತು. ನೀರಿನಲ್ಲಿದ್ದ ಸುಣ್ಣ ಪದರು ಪದರಾಗಿ ಕೂತು ಗಟ್ಟಿಯಾಗಿ ಕಲ್ಲಾಯಿತು. ಅದಕ್ಕೇ ಎರಡು ಪದರಿನ ಸಂದಿಗೆ ಉಳಿ ಇಟ್ಟು ಹೊಡೆದರೆ ಪುಸ್ತಕದ ಹಾಳೆ ಎದ್ದಂತೆ ಕಲ್ಲು ಏಳುತ್ತದೆ. ಇದೇ ಸುಣ್ಣಕಲ್ಲನ್ನು ಜೇಡಿಮಣ್ಣಿನ ಜೊತೆ ಪುಡಿ ಮಾಡಿ ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟು, ಸ್ವಲ್ಪ ಜಿಪ್ಸಂ ಬೆರೆಸಿ ಅರೆದರೆ ಸಿಮೆಂಟು. ವಾಡಿ, ಮಳಖೇಡ, ಸೇಡಂ ಕಾರ್ಖಾನೆಗಳಲ್ಲಿ ನಡೆಯುವುದು ಅದೇ ಕೆಲಸ.

“ಅಂದ್ರ ಚಿತ್ರದಾಗಿನ ಕಾಂಕ್ರೀಟು ನಮ್ಮ ಪರಸಿಯ ಅಣ್ತಮ್ಮ ಆಯ್ತು!” ಎಂದಳು. ಆಯ್ತು ಎಂದೆ.

ಸುಣ್ಣಕಲ್ಲು ಎಷ್ಟು ಕಾಲ ಬಾಳುತ್ತದೆಂದು ತೋರಿಸಲು ಒಂದು ಭಾನುವಾರ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಕರೆದೊಯ್ದೆ. ಮಗನೂ ಬಂದ. ಭೀಮಾ ನದಿಯ ದಂಡೆಯ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಕಲ್ಲುಗಳಿವೆ. ಅಶೋಕ ಚಕ್ರವರ್ತಿಯನ್ನು ಕೆತ್ತಿ, ಪಕ್ಕದಲ್ಲೇ ಅವನ ಹೆಸರು ಬರೆದ ಕಲ್ಲು ಸಿಕ್ಕದ್ದು ಅಲ್ಲೇ. ಸುಮಾರು ಎರಡು ಸಾವಿರ ವರ್ಷದ ಅಕ್ಷರ! ದಾರಿಯುದ್ದಕ್ಕೂ ಫೋನಿನಲ್ಲಿದ್ದ ಮಗ ಅಲ್ಲಿ ಫೋನನ್ನು ಜೇಬಿಗಿಟ್ಟು ಬಹಳ ಹೊತ್ತು ನಿಂತ. ಹಿಂದಿರುಗುವಾಗ ಅವನೇ ಕೇಳಿದ: “ಆ ಗೂಡಿನ ಪರಸಿ ಎಷ್ಟು ಉದ್ದ ಅದ, ಅಪ್ಪಾ?”

ಆದರೆ ಮರುದಿನ ಗೋಡೆ ಇಳಿಸುವಾಗ ಪರಸಿ ಎರಡಾಗಿ ಒಡೆಯಿತು. ಯಾರದೂ ತಪ್ಪಿರಲಿಲ್ಲ. ನಾನು ಏನೂ ಅನ್ನದೆ ಹೊರಗೆ ಬೇವಿನ ಮರದ ಕೆಳಗೆ ಕೂತೆ. ಸ್ವಲ್ಪ ಹೊತ್ತಿಗೆ ಮೊಮ್ಮಗಳು ಟೇಪು ಹಿಡಿದು ಬಂದಳು. “ಒಂದು ಎರಡೂವರೆ ಫೂಟು ಅದ, ಇನ್ನೊಂದು ಒಂದು ಫೂಟಿನ ಮ್ಯಾಲ ಅದ. ಎರಡಕ್ಕೂ ಕೆಲಸ ಕೊಡಮು, ಮುತ್ಯಾ.”

ಗೌಂಡಿ ನಕ್ಕ. “ಎರಡೂವರೆ ಫೂಟು ಸರಿಯಾದ ಅಳತಿ, ಮಾಸ್ತರ್ರೇ. ಪರಸಿ ಬಾಗಂಗಿಲ್ಲ, ಭಾರ ಹೆಚ್ಚಾದ್ರ ಮುರಿತದ. ಎರಡೂವರೆ ಫೂಟಿಗೊಂದು ಆಸರ ಬೇಕು.”

ಅಲ್ಲಿಂದ ಮೂವರೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೋಡೆ ಬರೆದೆವು. ಪಡುವಣ ಗೋಡೆ ಬೇಡ, ಅದು ಸಂಜೆಯ ಬಿಸಿಲಿಗೆ ಕಾಯುತ್ತದೆ. ಒಳಗಿನ ಗೋಡೆಗೇ ಕಪಾಟು. ಅಗಲ 11 ಇಂಚು, ಸಾಲಿಂದ ಸಾಲಿಗೆ ಒಂದು ಅಡಿ. ಕೆಳಗಿನ ಸಾಲು ನೆಲದಿಂದ ಅರ್ಧ ಅಡಿ ಮೇಲೆ, ಮನೆ ತೊಳೆದ ನೀರು ತಾಗಬಾರದು. ಮೊಮ್ಮಗಳ ಕೈಗೆ ಎಟುಕುವ ಸಾಲು ಮಕ್ಕಳ ಪುಸ್ತಕಕ್ಕೆ. ಮೊಣಕಾಲು ನೋವಿನ ಅಜ್ಜಿ ಬಗ್ಗಬಾರದೆಂದು ಸೊಂಟದ ಎತ್ತರದ ಸಾಲು ಅವಳಿಗೆ. ಅಟ್ಟದ ಡಬ್ಬಿಗಳೆಲ್ಲ ಕೆಳಗೆ ಬಂದವು.

ಉಳಿದದ್ದು ನಡುವಿನ ಅಗ್ಗಿಷ್ಟಿಕೆ. ಬರಿಯ ಕಾಂಕ್ರೀಟಿಗೆ ನೇರ ಬೆಂಕಿ ತಾಗಿದರೆ ಒಳಗಿನ ತೇವ ಆವಿಯಾಗಿ ಸಿಡಿಯುತ್ತದೆ. ಅದಕ್ಕೇ ಚಳಿ ನಾಡಿನವರು ಒಳಗೆ ಶಾಖ ತಡೆಯುವ ಇಟ್ಟಿಗೆ ಕಟ್ಟಿ, ಹೊಗೆಗೆ ಚಿಮಣಿ ಬಿಡುತ್ತಾರೆ. ನಮಗೆ ಅದರ ಹಂಗೇ ಬೇಡ. ಹಾಗಾದರೆ ಆ ಜಾಗದಲ್ಲಿ ಏನಿಡುವುದು?

“ನೀರಿನ ಗಡಿಗಿ ಇಡ್ರಿ” ಎಂದಳು ನನ್ನಾಕೆ. “ಚಳಿ ಇದ್ದಲ್ಲಿ ಮಂದಿ ಬೆಂಕಿಗೆ ಬರ್ತಾರ. ಇಲ್ಲಿ ನೀರಿಗೆ ಬರ್ತಾರ.”

ಮಗ ತಕರಾರು ತೆಗೆದ: ತೇವಕ್ಕೆ ಪುಸ್ತಕ ಕೆಡುವುದಿಲ್ಲವೇ? ಮಾತು ಸರಿಯಾಗಿತ್ತು. ಮಣ್ಣಿನ ಗಡಿಗೆ ಸಣ್ಣಗೆ ಬೆವರುವುದರಿಂದಲೇ ನೀರು ತಂಪಾಗುವುದು. ಗೌಂಡಿ ದಾರಿ ತೋರಿಸಿದ. ಗಡಿಗೆಯ ಗೂಡಿಗೆ ಎರಡೂ ಕಡೆ ಅರ್ಧ ಅಡಿ ದಪ್ಪದ ಕಾಂಕ್ರೀಟು, ತಳಕ್ಕೆ ಇಳಿಜಾರು, ಸೋರಿದ ಹನಿ ಕೊಳವೆಯಲ್ಲಿ ಹಿತ್ತಲಿನ ಕರಿಬೇವಿಗೆ. ಮಳೆಗಾಲದಲ್ಲಿ ಗಡಿಗೆ ಅಡುಗೆಮನೆಗೆ. ಹೊಸ ಕಾಂಕ್ರೀಟಿಗೆ ಒಂದು ವಾರ ಮುಂಜಾನೆ, ಸಂಜೆ ನೀರು ಹೊಡೆಯುವ ಕೆಲಸ ಮೊಮ್ಮಗಳದು. ಒಂದು ಹೊತ್ತೂ ತಪ್ಪಿಸಲಿಲ್ಲ.

ಅಪ್ಪನ ಪರಸಿಯ ದೊಡ್ಡ ತುಂಡು ಮಕ್ಕಳ ಸಾಲಾಯಿತು. ಸಣ್ಣ ತುಂಡು ಗಡಿಗೆಯ ಕೆಳಗೆ ಕೂತಿತು. ಮೊದಲ ಪುಸ್ತಕ ಯಾವುದೆಂದು ಮೊಮ್ಮಗಳು ಕೇಳಿದಳು. ‘ಕವಿರಾಜಮಾರ್ಗ’ ಕೊಟ್ಟೆ. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲೇ ಹಳೆಯದು, ಒಂಬತ್ತನೇ ಶತಮಾನದ್ದು. ಅದು ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೇ. “ದೊಡ್ಡಾಕಿ ಆದಮ್ಯಾಲ ಓದ್ತೀನಿ” ಎಂದು ಅದನ್ನು ನನ್ನ ಸಾಲಿಗೇ ಇಟ್ಟಳು.

ಟಿ.ವಿ. ಪಕ್ಕದ ಕೋಣೆಗೆ ಹೋಯಿತು. ಒಂದು ಸಂಜೆ ಕರೆಂಟು ಹೋಗಿ, ಮಗ ನೀರು ಕುಡಿಯಲು ಗಡಿಗೆಯ ಹತ್ತಿರ ಬಂದ. ಲೋಟ ಹಿಡಿದೇ ಅಲ್ಲೇ ಕೂತ. ಸೊಸೆ ಬಂದಳು. ಮೊಮ್ಮಗಳು ಬ್ಯಾಟರಿ ಬೆಳಕಿನಲ್ಲಿ ಕಥೆ ಓದತೊಡಗಿದಳು. ಕರೆಂಟು ಬಂದಾಗಲೂ ಯಾರೂ ಏಳಲಿಲ್ಲ.

ರಜೆ ಮುಗಿದು ಅವರೆಲ್ಲ ಹೋದರು. ಅವಳು ಅರ್ಧ ಓದಿದ ಪುಸ್ತಕಕ್ಕೆ ಒಂದು ಬೇವಿನ ಎಲೆ ಗುರುತಿಟ್ಟು, “ದೀಪಾವಳಿಗೆ ಬರ್ತೀನಿ, ಯಾರೂ ಮುಟ್ಟಬ್ಯಾಡ್ರಿ” ಎಂದು ಹೇಳಿ ಹೋಗಿದ್ದಾಳೆ. ಅದು ಅಪ್ಪನ ಪರಸಿಯ ಮೇಲೆ ಹಾಗೇ ಇದೆ. ನಾನು ದಿನಾ ಸುತ್ತಲಿನ ಧೂಳು ಒರೆಸುತ್ತೇನೆ, ಪುಸ್ತಕ ಮುಟ್ಟುವುದಿಲ್ಲ.