ಹಾಲಿಗಿಳಿಯುವ ಮೂರು ಎಳೆ

ಸೀಮಂತದ ತಟ್ಟೆಯಲ್ಲಿ ಹಸಿರು ಬಳೆ, ಮಲ್ಲಿಗೆ, ಹಣ್ಣುಗಳ ನಡುವೆ ಈಗೀಗ ಒಂದು ಪುಟ್ಟ ಡಬ್ಬಿಯೂ ಕೂತಿರುತ್ತದೆ. ಒಳಗೆ ಒಂದು ಗ್ರಾಂ ಕೇಸರಿ. “ದಿನಾ ರಾತ್ರಿ ಹಾಲಿಗೆ ಎರಡೆಳೆ ಹಾಕ್ಕೊಂಡು ಕುಡಿಯಮ್ಮ, ಮಗು ಬೆಳ್ಳಗೆ ಹುಟ್ಟುತ್ತೆ” ಎಂದು ಹಿರಿಯರು ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಸಂಕಟವಾಗುತ್ತದೆ. ಇನ್ನೂ ಕಣ್ಣು ಬಿಡದ ಕೂಸಿನ ಮೈಬಣ್ಣದ ಚಿಂತೆ ಆಗಲೇ ಶುರುವಾಯಿತಲ್ಲ ಎಂದು ಒಂದು ಸಂಕಟ; ಕೇಸರಿಯಂಥ ಕೇಸರಿಗೆ ತನ್ನದಲ್ಲದ ಕೆಲಸ ಹಚ್ಚಿದರಲ್ಲ ಎಂದು ಇನ್ನೊಂದು. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದು ಎಷ್ಟಿರಬೇಕೆಂಬುದು ಅಪ್ಪ ಅಮ್ಮನಿಂದ ಬಂದ ವಂಶವಾಹಿಗಳಿಗೆ ಬಿಟ್ಟ ವಿಷಯ. ತಾಯಿ ಕುಡಿದ ಹಾಲಿನ ಬಣ್ಣ ಅಲ್ಲಿಗೆ ಮುಟ್ಟುವುದಿಲ್ಲ.

ಹಾಗಾದರೆ ಆ ಎಳೆಯಲ್ಲಿ ಏನಿದೆ? ನನ್ನನ್ನು ಬೆರಗುಗೊಳಿಸುವುದು ಅದೇ. ನೇರಳೆ ಹೂವೊಂದರ ನಡುವಿನಿಂದ ಹೊರಚಾಚುವ ಮೂರು ಕೆಂಪು ಶಲಾಕಾಗ್ರಗಳೇ ನಮ್ಮ ಕೇಸರಿ. ಗಿಡ ಬೀಜ ಕಟ್ಟುವುದಿಲ್ಲ; ಅದರ ವರ್ಣತಂತುಗಳು ಎರಡೆರಡಾಗಿರದೆ ಮೂರು ಮೂರಾಗಿರುವುದರಿಂದ ಅದು ಬಂಜೆ. ಮನುಷ್ಯ ಗೆಡ್ಡೆ ಕಿತ್ತು, ಬಿಡಿಸಿ, ಮತ್ತೆ ನೆಡದಿದ್ದರೆ ಅದು ಇಷ್ಟು ದೇಶಗಳಿಗೆ ಹರಡುತ್ತಲೇ ಇರಲಿಲ್ಲ. ಒಂದು ಕಿಲೋ ಒಣ ಕೇಸರಿಗೆ ಸುಮಾರು 1.5 ಲಕ್ಷ ಹೂ ಬೇಕು, ಒಂದೊಂದನ್ನೂ ಕೈಯಲ್ಲೇ ಬಿಡಿಸಬೇಕು.

ಹಸಿ ಎಳೆಗೆ ನಾವು ಬಲ್ಲ ಆ ಪರಿಮಳವಿಲ್ಲ. ಅದರಲ್ಲಿರುವುದು ಪಿಕ್ರೋಕ್ರೋಸಿನ್ ಎಂಬ ಕಹಿ. ಒಣಗಿಸುವಾಗ, ಶಾಖಕ್ಕೂ ಕಿಣ್ವಕ್ಕೂ ಸಿಕ್ಕಿ, ಆ ಕಹಿ ತನಗಂಟಿದ್ದ ಸಕ್ಕರೆಯನ್ನು ಕಳಚಿಕೊಂಡು ಸಫ್ರನಾಲ್ ಆಗುತ್ತದೆ. ಡಬ್ಬಿ ತೆರೆದೊಡನೆ ಮೂಗಿಗೆ ಬಡಿಯುವ ಜೇನು, ಒಣಹುಲ್ಲಿನ ವಾಸನೆಯಲ್ಲಿ ದೊಡ್ಡ ಪಾಲು ಅದರದು. ಇನ್ನು ಬಣ್ಣ ಕ್ರೋಸಿನ್‌ನದು. ಗಜ್ಜರಿಯ ಕ್ಯಾರೊಟಿನ್ ಇದರ ಬಂಧುವೇ, ಆದರೆ ಅದು ಎಣ್ಣೆಯಲ್ಲಿ ಕರಗುತ್ತದೆ, ನೀರಿಗೆ ಜಗ್ಗುವುದಿಲ್ಲ. ಕ್ರೋಸಿನ್‌ಗೆ ಎರಡೂ ತುದಿಯಲ್ಲಿ ಸಕ್ಕರೆ ಅಂಟಿಕೊಂಡಿರುವುದರಿಂದ ಅದು ನೀರಿಗೆ, ಹಾಲಿಗೆ ಸಲೀಸಾಗಿ ಇಳಿಯುತ್ತದೆ. ಆದ್ದರಿಂದ ಕೇಸರಿಬಾತಿನ ತುಪ್ಪಕ್ಕೆ ಎಳೆಗಳನ್ನು ನೇರವಾಗಿ ಉದುರಿಸಬೇಡಿ. ಉಗುರುಬೆಚ್ಚಗಿನ ಹಾಲಲ್ಲಿ ಅರ್ಧ ಗಂಟೆ ನೆನೆಸಿ, ಕೊನೆಗೆ ಸುರಿಯಿರಿ. ಹೆಚ್ಚು ಕುದಿಸಿದರೆ ಪರಿಮಳ ಹಾರಿಹೋಗುತ್ತದೆ.

ಕೇಸರಿ ಎಂದಾಗ ನನಗೆ ಕವಿ ಬಿಲ್ಹಣ ನೆನಪಾಗುತ್ತಾನೆ. 11ನೆಯ ಶತಮಾನದಲ್ಲಿ ಕಾಶ್ಮೀರ ಬಿಟ್ಟು, ಮಥುರೆ, ಕಾಶಿ, ಸೋಮನಾಥಗಳನ್ನೆಲ್ಲ ಸುತ್ತಿ, ಕಡೆಗೆ ನಮ್ಮ ಕಲ್ಯಾಣಕ್ಕೆ ಬಂದು ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾದವನು. ಅವನ ಹುಟ್ಟೂರು ಇಂದಿನ ಖೊನ್‌ಮೋಹ್, ಕೇಸರಿಗೆ ಹೆಸರಾದ ಪಾಂಪೋರ್‌ಗೆ ಹತ್ತಿರವೇ. ‘ವಿಕ್ರಮಾಂಕದೇವಚರಿತ’ದಲ್ಲಿ ಅವನು ಕೇಸರಿಯನ್ನೂ ಕವಿತೆಯನ್ನೂ ಒಡಹುಟ್ಟುಗಳೆಂದು ಕರೆದು, ಶಾರದೆಯ ನಾಡಾದ ಕಾಶ್ಮೀರ ಬಿಟ್ಟರೆ ಬೇರೆಲ್ಲೂ ಅವು ಮೊಳೆತದ್ದನ್ನು ಕಾಣೆ ಎನ್ನುತ್ತಾನೆ. ಕಲ್ಯಾಣದ ಬಿಸಿಲಲ್ಲಿ ಕೂತು ತನ್ನೂರ ಹೊಲಗಳನ್ನು ನೆನೆದ ಆ ಮನುಷ್ಯನ ಮೇಲೆ ನನಗೆ ಬಲು ಅಕ್ಕರೆ. ಇಂದು ಜಗತ್ತಿನ ಕೇಸರಿಯ ಬಹುಪಾಲು ಬೆಳೆಯುವುದು ಇರಾನಿನಲ್ಲಿ. ಕಾಶ್ಮೀರದ ಕೇಸರಿಗೆ 2020ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು.

ಔಷಧಿಯ ಮಾತೂ ಇರಾನಿನಿಂದಲೇ ಗಟ್ಟಿಯಾಗಿ ಕೇಳಿಬಂದಿದೆ. ಟೆಹ್ರಾನಿನ ವೈದ್ಯರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಖಿನ್ನತೆಯಿಂದ ಬಳಲುತ್ತಿದ್ದ 40 ಮಂದಿ ಪಾಲ್ಗೊಂಡಿದ್ದರು. ಕೆಲವರಿಗೆ ದಿನಕ್ಕೆ 30 ಮಿಲಿಗ್ರಾಂ ಕೇಸರಿ ಸಾರ, ಉಳಿದವರಿಗೆ ಖಿನ್ನತೆಗೆ ಕೊಡುವ ಫ್ಲೂವಾಕ್ಸೆಟಿನ್ ಮಾತ್ರೆ. 6 ವಾರಗಳ ಕೊನೆಗೆ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಚೇತರಿಸಿಕೊಂಡಿದ್ದರು. ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ 40 ಜನ ಎಂದರೆ ಒಂದು ಮದುವೆ ಊಟದ ಒಂದು ಪಂಕ್ತಿಯೂ ಅಲ್ಲ; ಅಷ್ಟರ ಮೇಲೆ ಯಾರೂ ತಮ್ಮ ಮಾತ್ರೆ ನಿಲ್ಲಿಸಕೂಡದು. ಇಟಲಿಯಲ್ಲಿ ವಯಸ್ಸಾದವರ ಕಣ್ಣಿನ ಅಕ್ಷಿಪಟಲದ ಸವೆತಕ್ಕೂ ಕೇಸರಿ ಕೊಟ್ಟು ನೋಡಿದ್ದಾರೆ, ಅದೂ ಸಣ್ಣ ಪ್ರಯೋಗವೇ.

ಇಲ್ಲೆಲ್ಲ ಪ್ರಮಾಣ ಮಿಲಿಗ್ರಾಂಗಳ ಲೆಕ್ಕದಲ್ಲಿದೆ ಎಂಬುದನ್ನು ಗಮನಿಸಬೇಕು. 5 ಗ್ರಾಂ ಮೀರಿದರೆ ಕೇಸರಿ ವಿಷವಾಗಬಲ್ಲದು, ಹೆಚ್ಚಿನ ಪ್ರಮಾಣ ಗರ್ಭಕೋಶವನ್ನು ಕೆರಳಿಸಬಲ್ಲದು. ಬಸುರಿಗೆ ಹಾಲಿನಲ್ಲಿ ಎರಡೆಳೆ ಸರಿ, ರುಚಿಗೆ, ಮನಸ್ಸಿಗೆ. ಬೆಳ್ಳಗಾಗಲೆಂದು ಚಿಟಿಕೆ ಚಿಟಿಕೆಯಾಗಿ ಏರಿಸುವುದು ಬೇಡ.

ಡಬ್ಬಿಯಲ್ಲಿರುವುದು ಕೇಸರಿಯೇ ಎಂಬ ಖಾತ್ರಿಯೂ ಬೇಕಲ್ಲ. ಎಷ್ಟೋ ಸಲ ಅದರಲ್ಲಿರುವುದು ಕುಸುಬೆಯ ಎಸಳು, ಇಲ್ಲವೇ ಬಣ್ಣ ಹಾಕಿದ ಜೋಳದ ರೇಷ್ಮೆ. ಕುಸುಬೆ ನಮ್ಮ ಉತ್ತರ ಕರ್ನಾಟಕದ ಎರೆ ಹೊಲಗಳ ಹಿಂಗಾರಿ ಬೆಳೆ, ಎಣ್ಣೆ ಕೊಡುವ ಮರ್ಯಾದಸ್ಥ ಗಿಡ; ಅದರ ಹೂವನ್ನು ಇಂಥ ವಂಚನೆಗೆ ಬಳಸುವುದು ನೋಡಿದರೆ ಸಿಟ್ಟು ಬರುತ್ತದೆ. ತಣ್ಣೀರಿಗೆ ಎರಡೆಳೆ ಹಾಕಿ ನೋಡಿ. ನಿಜವಾದ ಕೇಸರಿ ನಿಧಾನವಾಗಿ ಹೊನ್ನಿನ ಹಳದಿ ಬಿಡುತ್ತದೆ, ಎಳೆ ಮಾತ್ರ ಕೆಂಪಾಗಿಯೇ ಉಳಿದಿರುತ್ತದೆ. ಹಾಕಿದ ಕ್ಷಣವೇ ನೀರು ಕೆಂಪಾಗಿ ಎಳೆ ಬಿಳಿಚಿದರೆ ಅದು ಬಳಿದ ಬಣ್ಣ. ಪುಡಿಯಾದ ಕೇಸರಿಯಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ, ಹಾಗಾಗಿ ನಾನು ಪುಡಿಯನ್ನು ಕೊಳ್ಳುವುದಿಲ್ಲ.