ಹಾಸಿಗೆಯಿಂದ ಹೆಗಲಿಗೆ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ಪೀಣ್ಯ ಅಂದ್ರೆ ಊರಿಗೆ ಹೋಗುವಾಗ ಫ್ಲೈಓವರ್ ಮೇಲಿಂದ ಕಾಣುವ ಶೀಟಿನ ಛಾವಣಿಗಳು, ಅಷ್ಟೇ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಆ ದೂರ ಕಡಿಮೆಯಾಗಿದೆ. ಆರ್.ವಿ. ರೋಡ್‌ನಲ್ಲಿ ಇಳಿದು ಹಸಿರು ಮಾರ್ಗ ಹಿಡಿದರೆ ಸೀದಾ ಪೀಣ್ಯ ಇಂಡಸ್ಟ್ರಿ. ಒಂದು ಶನಿವಾರ ಹಾಗೆ ಹೊರಟೆ. ಬ್ಯಾಗಿನಲ್ಲಿ ಅಜ್ಜಿಯ ಹಳೇ ಸೊಲ್ಲಾಪುರ ಚಾದರ ಇತ್ತು.

ಧಾರವಾಡ, ವಿಜಯಪುರದ ಕಡೆ ಈ ಚಾದರ ಗೊತ್ತಿಲ್ಲದ ಮನೆ ಕಡಿಮೆ. ದಪ್ಪ ಹತ್ತಿ ನೂಲು, ಜಕಾರ್ಡ್ ನೇಯ್ಗೆ. ಈಗ ಜಿಐ ಮಾನ್ಯತೆಯೂ ಇದೆ. ನಮ್ಮದು ನಡುವೆ ಸವೆದು ಜಾಳಾಗಿತ್ತು. ಮನೆ ಬದಲಿಸುವಾಗ ರೂಮ್‌ಮೇಟ್ "ಎಸೆದುಬಿಡು" ಅಂದಳು. ಅಮ್ಮ ಫೋನಿನಲ್ಲೇ ಗದರಿದರು: "ಒಗೀಬ್ಯಾಡ. ನಿಮ್ಮಜ್ಜಿ ಹರಿದ ಸೀರಿನೂ ಒಗದಾಕಿ ಅಲ್ಲ."

ನಿಜ. ನಮ್ಮ ಕಡೆ ಹಳೇ ಸೀರೆ, ಧೋತರ ಎಲ್ಲ ಪದರ ಪದರವಾಗಿ ಹಾಸಿ, ಕೈಹೊಲಿಗೆ ಹಾಕಿದರೆ ಕೌದಿ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರೂ ಹಳೇ ಬಟ್ಟೆಯ ತುಂಡುಗಳಿಂದ ಇಂಥದ್ದನ್ನೇ ಹೊಲಿಯುತ್ತಾರೆ, ಅದಕ್ಕೆ ಕವಂದಿ ಅಂತಾರೆ. ನಾಲ್ಕು ಮೂಲೆಗೆ ಬಟ್ಟೆಯ ಹೂ ಕೂರಿಸದೆ ಅವರ ಕವಂದಿ ಪೂರ್ತಿಯಾಗಲ್ಲ. ನಾವು ಇವತ್ತು 'ಅಪ್‌ಸೈಕ್ಲಿಂಗ್' ಅನ್ನೋದು ಅವರಿಗೆ ದಿನದ ಕೆಲಸ.

ಪೀಣ್ಯದ ಒಳರಸ್ತೆಗಳಲ್ಲಿ ಲೇತ್ ಮೆಷಿನ್ ಸದ್ದಿನ ಜೊತೆ ಗಾರ್ಮೆಂಟ್ಸ್ ಶಿಫ್ಟ್ ಬಿಡುವ ಗಲಾಟೆಯೂ ಇರುತ್ತೆ. ಗೆಳತಿಯೊಬ್ಬಳು ಹೇಳಿದ ಟೈಲರ್ ಅಕ್ಕ ಒಂದು ಕಾಲದಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತಿದ್ದವರು. ಈಗ ಮನೆ ಮುಂದಿನ ಕೋಣೆಯೇ ಅಂಗಡಿ. ಚಾದರವನ್ನು ಕಿಟಕಿಗೆ ಹಿಡಿದು ನೋಡಿ ಅಂದರು: "ನಡುವ ಕತ್ತರಿ ಹಾಕಬ್ಯಾಡ್ರಿ ಅಕ್ಕಾರ. ಮೈ ತಾಗಿ ತಾಗಿ ಅಲ್ಲೇ ಸವದಿರ್ತೈತಿ. ಅಂಚಿನ ಕಡೆ ಗಟ್ಟಿ ಇರ್ತೈತಿ."

ಅವರು ಮಾಡಿದ ಕ್ರಮ ಇಷ್ಟು. ಗಟ್ಟಿ ಭಾಗದಿಂದ 16 ಇಂಚು ಅಗಲ, 17 ಇಂಚು ಉದ್ದದ ಎರಡು ತುಂಡು. ನೂಲು ಬಿಡದ ಹಾಗೆ ಸುತ್ತಲೂ ಓವರ್‌ಲಾಕ್. ಒಳಮಗ್ಗುಲು ಹೊರಗೆ ಮಾಡಿ, ಅರ್ಧ ಇಂಚು ಬಿಟ್ಟು ಮೂರು ಕಡೆ ಹೊಲಿಗೆ. ಬಾಯಿಯನ್ನು ಒಂದಿಂಚು ಮಡಿಸಿ ಇನ್ನೊಂದು ಹೊಲಿಗೆ. ಹಿಡಿಕೆಗೆ ಚಾದರ ಬೇಡ, ಮಡಿಸಿದರೆ ತೀರಾ ದಪ್ಪವಾಗಿ ಸೂಜಿ ಮುರಿಯುತ್ತೆ. 24 ಇಂಚಿನ ಎರಡು ನವಾರು ಪಟ್ಟಿ ಸಾಕು. ಮೆಷಿನ್‌ಗೆ 16ನೇ ನಂಬರ್ ಸೂಜಿ. ತೆಳು ಕಾಟನ್ ಬೆಡ್‌ಶೀಟ್ ಆದರೆ 14 ನಡೆಯುತ್ತೆ. ಅದರಲ್ಲಿ 4 ಇಂಚು ಅಗಲ, 20 ಇಂಚು ಉದ್ದದ ಪಟ್ಟಿ ಕತ್ತರಿಸಿ, ಕೊಳವೆಯಂತೆ ಹೊಲಿದು, 8 ಇಂಚು ಇಲಾಸ್ಟಿಕ್ ಸೇರಿಸಿದರೆ ಕೂದಲಿಗೆ ಸ್ಕ್ರಂಚಿ. ಮೆಷಿನ್ ಇಲ್ಲದವರು ಕೈಯಲ್ಲೇ ಹೊಲಿಯಬಹುದು.

ಕತ್ತರಿ ಹಾಕುವ ಮುಂಚೆ ಅವರು ನನ್ನ ಮುಖ ನೋಡಿದರು. "ಹಾಕ್ಲ್ಯಾ?" ಅಜ್ಜಿ ಹೊದ್ದ ಬಟ್ಟೆ, ಒಮ್ಮೆ ಕತ್ತರಿಸಿದರೆ ಮತ್ತೆ ಚಾದರವಾಗಲ್ಲ. ಅಟ್ಟದ ಮೇಲೆ ಇಟ್ಟರೆ ಇನ್ನೆರಡು ಮಳೆಗಾಲಕ್ಕೆ ಬೂಷ್ಟು. ಹಾಕಿ ಅಂದೆ.

ಹೊಲಿಯುತ್ತಾ ಮಾತು ಬಂತು. ಫ್ಯಾಕ್ಟರಿ ಲೈನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ, ಗಂಟೆ ಲೆಕ್ಕದ ಟಾರ್ಗೆಟ್. "ಹನ್ನೆರಡು ವರ್ಷ ಬರೇ ಕಾಲರ್ ಹಚ್ಚೀನ್ರಿ. ಹಾಕ್ಕೊಂಡವರು ಯಾರಂತ ಗೊತ್ತಿಲ್ಲ. ಈ ಚೀಲ ಹಂಗಲ್ಲ ನೋಡ್ರಿ, ಸುರುವಿಂದ ಕಡೀತನಕ ನಂದೇ."

ದಿನವಿಡೀ ಟಿಕೆಟ್ ಮುಚ್ಚುವ ನನಗೂ ಆ ಮಾತು ನಾಟಿತು. ನಾನು ಬರೆಯುವ ಕೋಡ್ ಯಾವ ದೇಶದಲ್ಲಿ ಯಾರ ಕೈಗೆ ಹೋಗುತ್ತೋ ನನಗೂ ಗೊತ್ತಿಲ್ಲ. ಅವತ್ತು ಸ್ಕ್ರಂಚಿಯ ಹೊಲಿಗೆ ನಾನೇ ಹಾಕಿದೆ. ಸ್ವಲ್ಪ ಸೊಟ್ಟ, ಆದ್ರೂ ಪೂರ್ತಿ ನಂದು.

ಈಗ ಆಫೀಸಿಗೆ ಲ್ಯಾಪ್‌ಟಾಪ್ ಹೊರುವುದು ಆ ಚೀಲದಲ್ಲೇ. ನಡುವಿನ ಸವೆದ ಭಾಗ ಅಮ್ಮನಿಗೆ ಕಳಿಸಿದ್ದೇನೆ. ಮುಂದಿನ ಕೌದಿಯ ಒಳಪದರಕ್ಕೆ ಆಗುತ್ತಂತೆ.