ಒಂದೇ ಸಾಲು, ಒಂಬತ್ತು ನಿಮಿಷ

ಆಸಿಡ್ ಟೆಕ್ನೋ ಮೇಲಿನ ದೂರು ಹಳೆಯದು: ಒಂದು ನಿಮಿಷ ಕೇಳಿದರೆ ಸಾಕು, ಮುಂದಿನದೆಲ್ಲ ಅದೇ. ದೂರು ಪೂರ್ತಿ ಸುಳ್ಳಲ್ಲ. ಜರ್ಮನಿಯ ಹಾರ್ಡ್‌ಫ್ಲೋರ್ ಜೋಡಿ, ಅಂದರೆ ಆಲಿವರ್ ಬೊಂಡ್ಜಿಯೊ ಮತ್ತು ರಾಮೋನ್ ಝೆಂಕರ್, 1992ರಲ್ಲಿ ಹಾರ್ಟ್‌ಹೌಸ್ ಕಂಪನಿಯ ಮೂಲಕ ಹೊರತಂದ ‘ಆಕ್‌ಪೀರಿಯೆನ್ಸ್ 1’ ಈ ಪ್ರಕಾರದ ಮೇರುಕೃತಿಗಳಲ್ಲಿ ಒಂದು. ಸುಮಾರು ಒಂಬತ್ತು ನಿಮಿಷದ ಆ ರಚನೆಯಲ್ಲಿ ಪಲ್ಲವಿ, ಚರಣಗಳ ಏರ್ಪಾಡಿಲ್ಲ. ಕೆಲವೇ ಸ್ವರಗಳ ಗೊಂಚಲುಗಳು ಸುತ್ತಿ ಸುತ್ತಿ ಬರುತ್ತವೆ, ಕೆಳಗೆ ಡ್ರಮ್ ಮೆಷಿನ್ ಗುದ್ದುತ್ತದೆ. ರಾಗ ಮುಂದೆ ಎತ್ತ ಹೊರಳೀತು ಎಂದು ಕಾದು ಕೂತವರಿಗೆ ನಿರಾಸೆ ಖಂಡಿತ. ಆದರೆ ನನ್ನ ವಾದ ಇಷ್ಟೆ: ಸ್ವರಗಳನ್ನು ಹೀಗೆ ಕಟ್ಟಿಹಾಕಿರುವುದೇ ನಾದದ ಬಣ್ಣ ಬದಲಾಗುವುದು ಕಿವಿಗೆ ಬೀಳಲಿ ಎಂದು. ಆ ಬಣ್ಣ ಬದಲಿಸಿದ್ದು ಮನುಷ್ಯನ ಕೈ. ಆಸಿಡ್‌ನ ವಿನೈಲ್ ತಟ್ಟೆಯೊಂದನ್ನು ಸವಿಯುವುದೆಂದರೆ ಆ ಕೈಯ ಜಾಡು ಹಿಡಿದು ಹೋಗುವುದು.

ಇದಕ್ಕೆ ಸಾಕ್ಷಿ ಆಸಿಡ್ ನಾದ ಹೊರಡಿಸುವ ಯಂತ್ರದೊಳಗೇ ಇದೆ. ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303 ಬಂದದ್ದು 1981ರಲ್ಲಿ, ರೂಪಿಸಿದವರು ತದಾವೊ ಕಿಕುಮೊತೊ. ಬೇಸ್ ನುಡಿಸಲು ಜೊತೆಗಾರರಿಲ್ಲದ ಗಿಟಾರ್ ವಾದಕರಿಗೆ ಅಭ್ಯಾಸದ ಸಂಗಾತಿಯಾಗಲಿ ಎಂಬುದು ಉದ್ದೇಶ. ಅದು ಬೇಸ್ ಗಿಟಾರಿನಂತೆ ಕೇಳಿಸಲೇ ಇಲ್ಲ. ಸ್ವರವನ್ನು ಒಮ್ಮೆ, ಲಯವನ್ನು ಇನ್ನೊಮ್ಮೆ ಬೇರೆಬೇರೆಯಾಗಿ ತುಂಬಿಸಬೇಕಾದ ಅದರ ಕ್ರಮವಂತೂ ಸಂತನ ತಾಳ್ಮೆಯನ್ನೂ ಕೆಡಿಸುವಂಥದ್ದು. ಸುಮಾರು 10,000 ಯಂತ್ರ ತಯಾರಾಗುವಷ್ಟರಲ್ಲಿ, 1984ಕ್ಕೆ, ಕಂಪನಿ ಕೈಬಿಟ್ಟಿತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಈ ಡಬ್ಬಿಯನ್ನು ಚಿಕಾಗೋದ ಫ್ಯೂಚರ್ ತಂಡದ ಹುಡುಗರು ಎತ್ತಿಕೊಂಡರು. ಸ್ವರ ಸುತ್ತುತ್ತಿರುವಾಗಲೇ ನಾಬ್‌ಗಳನ್ನು ತಿರುಗಿಸತೊಡಗಿದರು. 1987ರ ‘ಆಸಿಡ್ ಟ್ರ್ಯಾಕ್ಸ್’ ಹುಟ್ಟಿದ್ದು ಹಾಗೆ. ಗಮನಿಸಬೇಕಾದ ಸಂಗತಿ ಏನೆಂದರೆ, 303 ಸ್ವರಗಳನ್ನು ನೆನಪಿಟ್ಟುಕೊಳ್ಳುತ್ತದೆ, ನಾಬ್‌ಗಳು ಎಲ್ಲಿದ್ದವು ಎಂಬುದನ್ನಲ್ಲ. ತೀಕ್ಷ್ಣ ನಾದವನ್ನು ತಡೆಯುವ ಫಿಲ್ಟರಿನ ಕಟಾಫ್ ಎಷ್ಟು ತೆರೆದಿತ್ತು, ಆ ಅಂಚಿನ ನಾದವನ್ನು ಎತ್ತಿಹಿಡಿಯುವ ರೆಸೊನೆನ್ಸ್ ಎಷ್ಟು ಏರಿತ್ತು ಎಂಬುದೆಲ್ಲ ಆ ಗಳಿಗೆಯ ಬೆರಳಿಗೆ ಸೇರಿದ್ದು. ಮರುದಿನ ಅದನ್ನೇ ನುಡಿಸಿ ಎಂದರೆ ಆಗದ ಮಾತು. ಯಂತ್ರದ ಸಂಗೀತವೆಂದು ಮೂಗು ಮುರಿಯುವವರು ಕೇಳುತ್ತಿರುವುದು ಯಂತ್ರ ಮರೆತುಬಿಟ್ಟ ಭಾಗವನ್ನು. ಅದನ್ನು ಉಳಿಸಿದ್ದು ಧ್ವನಿಮುದ್ರಣ.

‘ಆಕ್‌ಪೀರಿಯೆನ್ಸ್ 1’ ಕೇಳುವಾಗ ಇದು ಸ್ಪಷ್ಟ. ಇಲ್ಲಿ ಒಂದಕ್ಕಿಂತ ಹೆಚ್ಚು 303 ಸಾಲುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಫಿಲ್ಟರ್ ಮುಚ್ಚಿದ್ದಾಗ ನಾದ ಮಂದ, ಗಂಟಲಲ್ಲೇ ಸಿಕ್ಕಿಕೊಂಡಂತೆ. ಅದು ತೆರೆದುಕೊಂಡ ಹಾಗೆ ಮೇಲಿನ ಉಪಸ್ವರಗಳು ಒಂದೊಂದಾಗಿ ಹೊರಬೀಳುತ್ತವೆ; ರೆಸೊನೆನ್ಸ್ ಏರಿದಾಗ ಅದೇ ಸಾಲು ಕಿರುಚತೊಡಗುತ್ತದೆ. ನಡುವೆ ಗುದ್ದು ಹಿಂದೆ ಸರಿಯುತ್ತದೆ, ಸ್ನೇರ್ ಉರುಳುತ್ತಾ ದಟ್ಟವಾಗುತ್ತದೆ, ಡ್ರಮ್ ಮರಳಿ ಬಿದ್ದಾಗ ಸಾಲು ಗುರುತು ಸಿಗದಷ್ಟು ಬೆಳೆದಿರುತ್ತದೆ. ತಂಬೂರಿಯ ನಾಲ್ಕು ತಂತಿಗಳನ್ನು ಕಛೇರಿ ಮುಗಿಯುವವರೆಗೆ ಒಂದೇ ಕ್ರಮದಲ್ಲಿ ಮೀಟಿದರೂ ಬೇಸರವೆಂದು ಯಾರೂ ಎದ್ದುಹೋಗುವುದಿಲ್ಲ. ಜೀವಾಳಿಯ ದಾರ ಸರಿಯಾಗಿ ಕೂತಾಗ ನಾದದೊಳಗಿಂದ ಏಳುವ ಸ್ವರಗಳತ್ತ ಕಿವಿ ತಾನಾಗಿ ತಿರುಗುತ್ತದೆ. ಆಸಿಡ್‌ಗೂ ಅದೇ ಕಿವಿ ಸಾಕು. ತಂಬೂರಿ ಮನಸ್ಸನ್ನು ಕೂರಿಸುತ್ತದೆ, ಇದು ಕೊರಳಪಟ್ಟಿ ಹಿಡಿದು ಎಬ್ಬಿಸುತ್ತದೆ, ಆ ವ್ಯತ್ಯಾಸ ಒಪ್ಪಲೇಬೇಕು.

ಪುನರಾವರ್ತನೆಯೇ ಇದರ ಸರ್ವಸ್ವ ಎಂದುಕೊಂಡವರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟೂ ಸೇರಿದೆ. 1994ರಲ್ಲಿ ಬಯಲಿನ ರೇವ್ ನೃತ್ಯಕೂಟಗಳನ್ನು ತಡೆಯುವ ಕಾಯ್ದೆ ತಂದಾಗ, ಮರುಕಳಿಸುವ ತಾಳವನ್ನೇ ಆ ಸಂಗೀತದ ಲಕ್ಷಣವೆಂದು ಬರೆಯಿತು. ಎಲೆಕ್ಟ್ರಾನಿಕ್ ಸಂಗೀತದ ಆಟೆಕರ್ ಜೋಡಿ ಅದೇ ವರ್ಷ ತಾಳ ಮರುಕಳಿಸದಂತೆ ‘ಫ್ಲಟರ್’ ರಚಿಸಿ ಕಾಯ್ದೆಯನ್ನು ಅಣಕಿಸಿತು. ಅಣಕ ಚೆನ್ನಾಗಿದೆ, ಆದರೆ ಆಸಿಡ್‌ಗೆ ಆ ರಕ್ಷಣೆ ಬೇಕಿಲ್ಲ. ಕಾನೂನು ಕಿವಿಗೊಟ್ಟದ್ದು ಗುದ್ದಿಗೆ, ಗುದ್ದಿನ ಮೇಲೆ ನಡೆಯುತ್ತಿದ್ದುದಕ್ಕಲ್ಲ. ನಮ್ಮ ಕಡೆಯಿಂದ ಇನ್ನೊಂದು ಮಾತು ಬರುತ್ತದೆ: ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲೇ ಇದೇ 303 ಬಳಸಿ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂರಿಸಿದರು, ಹಾಗಾಗಿ ಆಸಿಡ್ ಹುಟ್ಟಿದ್ದು ಇಲ್ಲೇ ಎಂದು. 2010ರಲ್ಲಿ ಆ ತಟ್ಟೆ ಮರುಮುದ್ರಣಗೊಂಡಾಗಿನಿಂದ ಈ ಉತ್ಸಾಹ ಹೆಚ್ಚಿದೆ. ತಟ್ಟೆ ಅದ್ಭುತವೇ. ಆದರೆ ಚಿಕಾಗೋದವರು ಅದನ್ನು ಕೇಳಿ ಕಲಿತರು ಎನ್ನಲು ಆಧಾರವಿಲ್ಲ. ಮೇಲಾಗಿ ಅಲ್ಲಿ ರಾಗ ಮುಂದೆ, ಬಣ್ಣ ಹಿಂದೆ. ಚಿಕಾಗೋದವರು ಅದನ್ನು ತಲೆಕೆಳಗು ಮಾಡಿದರು.

ಉಳಿದದ್ದು ಗಟ್ಟಿಯಾದ ಆಕ್ಷೇಪ: ಇದನ್ನೆಲ್ಲ ಕೇಳಲು ವಿನೈಲ್ ಯಾಕೆ, ಡಿಜಿಟಲ್ ಫೈಲು ಸಾಲದೆ? ಶುದ್ಧತೆಯ ಲೆಕ್ಕದಲ್ಲಿ ಫೈಲೇ ಮೇಲು. ತಟ್ಟೆಯಲ್ಲಿ ಚಟಪಟ ಸದ್ದಿದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಹೊರ ಅಂಚಿನ ಗೀರು ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಿದರೆ, ಒಳಗೆ ಲೇಬಲ್ಲಿನ ಹತ್ತಿರ 20ರ ಆಸುಪಾಸಿಗೆ ಇಳಿಯುತ್ತದೆ, ತೀಕ್ಷ್ಣ ನಾದ ಅಲ್ಲಿ ಕಲಸಿಹೋಗುತ್ತದೆ. ಆದರೆ ಈ ರಚನೆಗಳ ಆಕಾರ ಹುಟ್ಟಿದ್ದೇ ಆ ಮಿತಿಗಳಿಂದ. 12 ಇಂಚಿನ ತಟ್ಟೆಯ ಒಂದು ಬದಿಗೆ ಒಂದೆರಡೇ ರಚನೆ ಹಾಕಿದರೆ ಗೀರುಗಳನ್ನು ಅಗಲವಾಗಿ, ಆಳವಾಗಿ ಕೊರೆಯಬಹುದು. ಗುದ್ದಿಗೆ ಬೇಕಾದ ಜಾಗ ಅದು. ಬರೀ ಡ್ರಮ್ಮಿನಿಂದ ಶುರುವಾಗುವ ರೂಢಿಯೂ ಡಿಜೆ ಎರಡು ತಟ್ಟೆಗಳ ವೇಗ ಹೊಂದಿಸಿಕೊಳ್ಳಲೆಂದು ಬಂದದ್ದು. ತಟ್ಟೆಯನ್ನು ಬೆಳಕಿಗೆ ಹಿಡಿದರೆ ಗುದ್ದು ನಿಂತ ಭಾಗ ಬೇರೆ ಛಾಯೆಯ ಪಟ್ಟಿಯಾಗಿ ಕಣ್ಣಿಗೇ ಕಾಣುತ್ತದೆ. ಮೊದಲ ಮುದ್ರಣಕ್ಕೇ ದುಡ್ಡು ಸುರಿಯುವುದು ಸಂಗ್ರಹಕಾರರ ಚಟ, ಕೇಳುಗರಿಗೆ ಮರುಮುದ್ರಣ ಧಾರಾಳ ಸಾಕು. ತಟ್ಟೆ ಸಿಗದಿದ್ದರೆ ಫೈಲನ್ನೇ ಕೇಳಿ, ಆದರೆ ನಡುವೆ ಹಾರಿಸದೆ, ದೊಡ್ಡ ಸ್ಪೀಕರಿನಲ್ಲಿ. ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ: ಗುದ್ದು ಅಲ್ಲಿ ಹುಟ್ಟುವುದೇ ಇಲ್ಲ, ಬರೀ ಕಿರುಚಾಟ ಉಳಿಯುತ್ತದೆ.